ತಪ್ಪುವುದಿದ್ದರೆ ಗೊಂಬೆಯ ಮೇಲೆ ತಪ್ಪೋಣ

– ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ

ನಮ್ಮ ಮನೆಯಲ್ಲಿ ದಾದಿ ಎಂದರೆ ಅಬ್ಬಾನ ತಾಯಿ. ಕನ್ನಡ ಪಾಠದಲ್ಲಿ ದಾದಿ ಎಂದರೆ ಆಸ್ಪತ್ರೆಯ ನರ್ಸ್. ನನ್ನ ಆಪಾ ಜಿಎನ್‌ಎಂ ನರ್ಸಿಂಗ್‌ಗೆ ಸೇರಿದ ದಿನ ದಾದಿ ನಕ್ಕು, “ಇನ್ನು ಮೇಲೆ ಈ ಮನೆಗೆ ಇಬ್ಬರು ದಾದಿಯರು” ಎಂದಿದ್ದರು.

ಕಳೆದ ಬಕ್ರೀದ್ ರಜೆಗೆ ಆಪಾ ಊರಿಗೆ ಬಂದಾಗ, ಎಲ್ಲರೂ ಮಲಗಿದ ಮೇಲೆ, ತಾನು ಮೊದಲ ಸಲ ರೋಗಿಗೆ ಸೂಜಿ ಹಾಕಿದ ಕತೆ ಹೇಳಿದಳು. ವಾರ್ಡಿನಲ್ಲಿದ್ದ ಒಬ್ಬ ವಯಸ್ಸಾದ ರೈತರ ಕೈಗೆ ಡ್ರಿಪ್ ಹಾಕಬೇಕಿತ್ತಂತೆ. ಮೊದಲ ಸಲ ನರ ಸಿಗಲಿಲ್ಲ. ಎರಡನೇ ಸಲ ನರ ಒಡೆದು ಚರ್ಮ ಊದಿಕೊಂಡಿತು. ಆಪಾಳ ಕೈ ನಡುಗುವುದನ್ನು ನೋಡಿ ಆ ಅಜ್ಜನೇ, “ಹೆದರಬೇಡ ಮಗಳೇ, ನಿಧಾನಕ್ಕೆ ಹಾಕು” ಎಂದರಂತೆ. ಮೂರನೇ ಸಲ ಸೀನಿಯರ್ ಸಿಸ್ಟರ್ ಬಂದು ಹಾಕಿದರು. “ಅವರು ಬೈದಿದ್ದರೆ ಅಷ್ಟು ಬೇಜಾರಾಗುತ್ತಿರಲಿಲ್ಲ” ಎಂದಳು ಆಪಾ.

“ಕಾಲೇಜಿನಲ್ಲಿ ಮೊದಲು ಪ್ರಾಕ್ಟೀಸ್ ಮಾಡಿಸಲಿಲ್ಲವಾ?” ಎಂದು ಕೇಳಿದೆ. ಅಭ್ಯಾಸಕ್ಕೆ ರಬ್ಬರಿನ ಕೈ ಇದೆಯಂತೆ. ಆಳೆತ್ತರದ ಗೊಂಬೆಯೂ ಇದೆಯಂತೆ. ಎರಡೂ ಗಾಜಿನ ಬೀರುವಿನಲ್ಲಿವೆ. ಮೇಲಿನ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿಲ್ಲ. ಬೀಗದ ಕೈ ಆಫೀಸಿನಲ್ಲಿ. ಇನ್‌ಸ್ಪೆಕ್ಷನ್ ದಿನ ಬೀಗ ತೆಗೆದು, ಧೂಳು ಒರೆಸಿ, ಮೇಜಿನ ಮೇಲೆ ಮಲಗಿಸುತ್ತಾರೆ. ಸಂಜೆ ಮತ್ತೆ ಬೀಗ.

ಬೆಲೆಬಾಳುವ ಗೊಂಬೆ ಕೆಡಬಾರದು ಎಂದು ಬೀರುವಿನಲ್ಲಿಟ್ಟೆವು. ಅದರ ಬದಲು ಆ ಅಜ್ಜನ ಕೈಯನ್ನು ಅಭ್ಯಾಸಕ್ಕೆ ಕೊಟ್ಟೆವು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಆ ಬೀರುವಿನ ಬೀಗ ತೆಗೆಯಬೇಕು, ಮತ್ತು ತೆಗೆದ ಮೇಲೆ ವರ್ಷವಿಡೀ ತೆರೆದೇ ಇರಬೇಕು.

ನಮಗೇಕೆ ಈ ವಿಷಯ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕನ್ನೂ ಸೇರಿಸಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಎಂದು ಬೇರೆಯಾಗಿ ಎಣಿಸುತ್ತಾರೆ. ಪರೀಕ್ಷೆಯ ಲೆಕ್ಕಕ್ಕೆ ನಾವು ಒಂದು ಜಿಲ್ಲೆ. ಕಾಯಿಲೆ ಬಿದ್ದಾಗ ಮಾತ್ರ ತುಮಕೂರಿಗೋ ಬೆಂಗಳೂರಿಗೋ ಓಡುವವರು. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ವೈ.ಎನ್. ಹೊಸಕೋಟೆ ಕಡೆಯ ಹಳ್ಳಿಯವರಾದರೆ ಇನ್ನೂ ದೂರ. ಅಷ್ಟು ದೂರ ಹೋಗುವ ಮುಂಚೆ ರೋಗಿಯನ್ನು ಮೊದಲು ಮುಟ್ಟುವವರು ಹಳ್ಳಿಯ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಸ್ಟಾಫ್ ನರ್ಸ್, 108 ಆಂಬುಲೆನ್ಸಿನ ಸಿಬ್ಬಂದಿ, ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರ್. ಈ ಕೆಲವರ ಕೈ ಎಷ್ಟು ಪಳಗಿದೆ ಎನ್ನುವುದರ ಮೇಲೆ ನಮ್ಮ ಮನೆಯವರ ಜೀವ ನಿಂತಿರುತ್ತದೆ.

ಇನ್ನೊಂದು ಕಾರಣವೂ ಇದೆ. ನಮ್ಮ ತರಗತಿಯಲ್ಲಿ ನೀಟ್ ಬರೆಯುವವರು ಅನೇಕರು. ಡಾಕ್ಟರ್ ಸೀಟು ಸಿಗುವವರು ಕೆಲವರೇ. ಉಳಿದವರಲ್ಲಿ ಎಷ್ಟೋ ಜನ ಬಿ.ಎಸ್ಸಿ ನರ್ಸಿಂಗ್, ಜಿಎನ್‌ಎಂ, ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್ ಕೋರ್ಸುಗಳಿಗೆ ಹೋಗುತ್ತೇವೆ. ಅಂದರೆ ಇನ್ನು ನಾಲ್ಕೈದು ವರ್ಷಕ್ಕೆ ಆ ನಡುಗುವ ಕೈ ನಮ್ಮದೇ ಆಗಿರುತ್ತದೆ.

ಯಂತ್ರ ಬಂತು, ಕೈ ಪಳಗಲಿಲ್ಲ

ಕೋವಿಡ್ ಕಾಲ ನಮಗೆಲ್ಲ ನೆನಪಿದೆ. ನಾವಾಗ ಪ್ರೌಢಶಾಲೆಯನ್ನೂ ತಲುಪಿರಲಿಲ್ಲ. ಆಗ ದೇಶದ ತುಂಬ ವೆಂಟಿಲೇಟರ್‌ಗಳದ್ದೇ ಮಾತು. ಸಾವಿರಾರು ವೆಂಟಿಲೇಟರ್‌ಗಳನ್ನು ರಾಜ್ಯಗಳಿಗೆ ಹಂಚಿದರು. ಆದರೆ ಕೆಲವು ರಾಜ್ಯಗಳಲ್ಲಿ ಅವು ಬಳಕೆಯಾಗದೆ ಗೋದಾಮಿನಲ್ಲಿ ಬಿದ್ದಿವೆ ಎಂಬ ವರದಿಗಳು ಬಂದವು. 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯ ನಡುವೆ, ಕೇಂದ್ರ ಕೊಟ್ಟ ವೆಂಟಿಲೇಟರ್‌ಗಳು ಎಲ್ಲಿವೆ, ಕೆಲಸ ಮಾಡುತ್ತಿವೆಯೇ ಎಂದು ಕೂಡಲೇ ಪರಿಶೀಲಿಸುವಂತೆ ಪ್ರಧಾನಿಯವರೇ ಸೂಚಿಸಬೇಕಾಯಿತು. ಅಗತ್ಯವಿದ್ದರೆ ಆರೋಗ್ಯ ಕಾರ್ಯಕರ್ತರಿಗೆ ಮತ್ತೆ ತರಬೇತಿ ಕೊಡಿ ಎಂಬ ಮಾತೂ ಆ ಸೂಚನೆಯಲ್ಲಿತ್ತು.

ವೆಂಟಿಲೇಟರ್ ಎಂದರೆ ಸ್ವಿಚ್ ಹಾಕಿದರೆ ತಿರುಗುವ ಫ್ಯಾನ್ ಅಲ್ಲ. ನಾವು ಜೀವಶಾಸ್ತ್ರದಲ್ಲಿ ಟೈಡಲ್ ವಾಲ್ಯೂಮ್ ಸುಮಾರು 500 ಮಿಲಿಲೀಟರ್ ಎಂದು ಓದಿದ್ದೇವೆ, ಒಂದು ಅಂಕದ ಪ್ರಶ್ನೆಗೆ ಬರೆದೂ ಇದ್ದೇವೆ. ಆದರೆ ಸೋಂಕಿನಿಂದ ಗಟ್ಟಿಯಾದ ಶ್ವಾಸಕೋಶಕ್ಕೆ ಅಷ್ಟು ಗಾಳಿ ತುಂಬಿದರೆ ಅದೇ ಅಪಾಯ. ಅಂಥವರಿಗೆ, ಅವರ ಎತ್ತರಕ್ಕೆ ತಕ್ಕ ತೂಕ ಲೆಕ್ಕ ಹಾಕಿ, ಕಿಲೋಗೆ 6 ಮಿಲಿಲೀಟರ್‌ನ ಆಸುಪಾಸಿನಲ್ಲಿ ಗಾಳಿ ಕೊಡುತ್ತಾರೆ. 60 ಕಿಲೋ ಎಂದರೆ 360 ಮಿಲಿಲೀಟರ್. ನಡುರಾತ್ರಿ ಯಂತ್ರದ ಅಲಾರಂ ಹೊಡೆದುಕೊಂಡರೆ ನಳಿಕೆಯಲ್ಲಿ ಕಫ ಕಟ್ಟಿದೆಯೋ, ನಳಿಕೆ ಜಾರಿದೆಯೋ, ಮಡಚಿಕೊಂಡಿದೆಯೋ, ಆಕ್ಸಿಜನ್ ಪೈಪೇ ಕಳಚಿದೆಯೋ ಎಂದು ಕೆಲವೇ ಕ್ಷಣಗಳಲ್ಲಿ ತಿಳಿಯಬೇಕು. ಇದನ್ನು ಪುಸ್ತಕ ಓದಿ ತಿಳಿದುಕೊಳ್ಳಬಹುದು. ಆದರೆ ಓದಿದ್ದು ಆ ಕ್ಷಣದಲ್ಲಿ ಕೈಗೆ ಬರಬೇಕಾದರೆ ಕೈ ಅದನ್ನು ಮೊದಲೇ ಹತ್ತು ಸಲ ಮಾಡಿರಬೇಕು.

ಸಿಮ್ಯುಲೇಷನ್ ತರಬೇತಿ ಅಂದರೆ ಇದೇ. ಯಂತ್ರ ನಿಜವಾದದ್ದು, ರೋಗಿ ಮಾತ್ರ ಗೊಂಬೆ. ವೆಂಟಿಲೇಟರಿನ ನಳಿಕೆಯ ತುದಿಗೆ ಶ್ವಾಸಕೋಶದ ಬದಲು ಒಂದು ರಬ್ಬರಿನ ಚೀಲ ಸಿಕ್ಕಿಸುತ್ತಾರೆ. ತರಬೇತುದಾರರು ಹೇಳದೆ ಕೇಳದೆ ನಳಿಕೆಯನ್ನು ಬೆರಳಲ್ಲಿ ಅದುಮುತ್ತಾರೆ. ಅಲಾರಂ ಹೊಡೆಯುತ್ತದೆ. ಕಲಿಯುವವರು ಗಾಬರಿಯಾಗಿ ಮೊದಲು ಅಲಾರಂ ಆರಿಸಲು ಹೋಗುತ್ತಾರೆ. ಆಗ ನಿಲ್ಲಿಸಿ ಕೇಳುತ್ತಾರೆ: “ಮೊದಲು ನೋಡಬೇಕಾದದ್ದು ಯಂತ್ರವನ್ನೋ, ರೋಗಿಯನ್ನೋ?” ಹೀಗೆ ಒಮ್ಮೆ ಎಲ್ಲರ ಮುಂದೆ ತಪ್ಪಿ ನಕ್ಕವರು ಮತ್ತೆ ಆ ತಪ್ಪು ಮಾಡುವುದಿಲ್ಲ.

ಈಗಿನ ಇನ್ನೊಂದು ಉದಾಹರಣೆ ಇಸಿಜಿ. ಅಪ್ಪು ಹೆಸರಿನ ‘ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ’ ಯೋಜನೆಯನ್ನು ರಾಜ್ಯ ಸರ್ಕಾರ ಆರಂಭಿಸಿತು. ಎದೆನೋವು ಎಂದು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅದನ್ನು ದೂರದ ತಜ್ಞರಿಗೆ ಕಳಿಸಿ, ಹೃದಯಾಘಾತ ಎಂದು ಖಚಿತವಾದರೆ ರಕ್ತದ ಗಂಟು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಇದರ ಉದ್ದೇಶ. ಒಳ್ಳೆಯ ಯೋಜನೆ. ಆದರೆ ಅದರ ಮೊದಲ ಮೆಟ್ಟಿಲು ಹತ್ತು ವೈರುಗಳನ್ನು ಸರಿಯಾದ ಜಾಗಕ್ಕೆ ಹಚ್ಚುವುದು. ಎಡಗೈ ಬಲಗೈ ವೈರು ಅದಲುಬದಲಾದರೆ ದೂರದಲ್ಲಿರುವ ತಜ್ಞರಿಗೆ ಕಾಣುವ ಚಿತ್ರವೇ ಬೇರೆ.

ನಮ್ಮ ಕಡೆ ಇದರಲ್ಲಿ ಇನ್ನೊಂದು ತೊಡಕಿದೆ. ನಮ್ಮ ಅಮ್ಮಂದಿರು, ದಾದಿಯರು, ನಾನಿಯರು ಎದೆಯ ಮೇಲೆ ವೈರು ಹಚ್ಚಿಸಿಕೊಳ್ಳಲು ಮುಜುಗರಪಡುತ್ತಾರೆ. “ಗ್ಯಾಸ್ ಇರಬೇಕು” ಎಂದು ಹೇಳಿ ಎದ್ದು ಬರುವವರೂ ಇದ್ದಾರೆ. ಬಟ್ಟೆ ಪೂರ್ತಿ ಸರಿಸದೆ, ಮೇಲೆ ದುಪ್ಪಟಿ ಹೊದಿಸಿ, ಎರಡು ಸಮಾಧಾನದ ಮಾತಾಡುತ್ತಾ, ಬೇಗ ಬೇಗ ಸರಿಯಾದ ಜಾಗ ಹುಡುಕಿ ಹಚ್ಚುವುದೂ ಒಂದು ಕೌಶಲ. ಅದನ್ನೂ ಗೊಂಬೆಯ ಮೇಲೆಯೇ ಕಲಿಯಬಹುದು.

ಇದು ಹೊಸದೂ ಅಲ್ಲ, ಹೊರಗಿನದೂ ಅಲ್ಲ

ಗೊಂಬೆ ಇಟ್ಟು ಕಲಿಸುವುದು ದೊಡ್ಡ ಊರಿನವರ ಶೋಕಿ ಎಂದುಕೊಳ್ಳುವವರಿದ್ದಾರೆ. ಸುಶ್ರುತ ಸಂಹಿತೆಯಲ್ಲಿ ಶಿಷ್ಯರ ಅಭ್ಯಾಸಕ್ಕೆಂದೇ ಒಂದು ಅಧ್ಯಾಯವಿದೆ. ಕೊಯ್ಯುವುದನ್ನು ಕುಂಬಳ, ಸೌತೆಯಂಥ ಕಾಯಿಗಳ ಮೇಲೆ ಕಲಿಯಬೇಕು. ನರಕ್ಕೆ ಚುಚ್ಚುವುದನ್ನು ತಾವರೆಯ ದಂಟಿನ ಮೇಲೆ ಕಲಿಯಬೇಕು. ಪಟ್ಟಿ ಕಟ್ಟುವುದನ್ನು ಬಟ್ಟೆಯ ಗೊಂಬೆಯ ಮೇಲೆ ಕಲಿಯಬೇಕು. ಎಷ್ಟೇ ಓದಿದ್ದರೂ ಕೈಯಲ್ಲಿ ಮಾಡಿ ನೋಡದವನು ಕೆಲಸಕ್ಕೆ ಬಾರ ಎನ್ನುವುದು ಅಲ್ಲಿಯ ಅಭಿಪ್ರಾಯ.

ಫ್ರಾನ್ಸಿನಲ್ಲಿ ಮದಾಮ್ ದು ಕುಡ್ರೆ ಎಂಬ ಸೂಲಗಿತ್ತಿ ಬಟ್ಟೆ, ಹತ್ತಿ, ತೊಗಲಿನಿಂದ ಹೊಲಿದ ಗರ್ಭದ ಗೊಂಬೆ ಹಿಡಿದು ಊರೂರು ತಿರುಗಿದಳು. 1759ರಲ್ಲಿ ಅಲ್ಲಿಯ ರಾಜನೇ ಅವಳಿಗೆ ಆ ಕೆಲಸ ಒಪ್ಪಿಸಿದ್ದ. ಓದು ಬರಹ ಬಾರದ ಸಾವಿರಾರು ಹಳ್ಳಿ ಹೆಂಗಸರು ಅವಳಿಂದ ಹೆರಿಗೆ ಮಾಡಿಸುವುದನ್ನು ಕಲಿತರು. 1960ರಲ್ಲಿ ಎದೆ ಒತ್ತಿ ಉಸಿರು ಕೊಡುವುದನ್ನು ಕಲಿಸುವ ‘ಆ್ಯನ್’ ಗೊಂಬೆ ಮಾಡಿದ ನಾರ್ವೆಯ ಓಸ್ಮುಂಡ್ ಲಾರ್ಡಾಲ್ ಡಾಕ್ಟರ್ ಅಲ್ಲ, ಮಕ್ಕಳ ಆಟಿಕೆ ತಯಾರಿಸುವವರು. ಚನ್ನಪಟ್ಟಣದ ಗೊಂಬೆಗಳ ನಾಡಿನವರಾದ ನಮಗೆ ಇದು ಅರ್ಥವಾಗಬೇಕು.

ನಮ್ಮ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನೇ ತೆಗೆದುಕೊಳ್ಳಿ. ಸುಮಾರು 70 ವರ್ಷಗಳಲ್ಲಿ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್ ಪಡೆದವರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತದ ಅವರು ಈ ವಿದ್ಯೆಯನ್ನು ಕಲಿತದ್ದು ಅಜ್ಜಿಯ ಪಕ್ಕದಲ್ಲಿ ಕೂತು, ನೋಡಿ, ಹಿಡಿದು, ಮತ್ತೆ ಮತ್ತೆ ಮಾಡಿ. ಅವರ ಬೆರಳುಗಳಿಗೆ ಗೊತ್ತಿದ್ದದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಇಂದು ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತವೆ. ಅದು ಒಳ್ಳೆಯದೇ. ಆದರೆ ಹೊಸದಾಗಿ ಬಂದ ಸ್ಟಾಫ್ ನರ್ಸ್‌ಗೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ ಅಂಥ ಅಜ್ಜಿ ಇಲ್ಲ. ಹತ್ತಾರು ವರ್ಷ ಕಾಯುವ ಪುರಸೊತ್ತೂ ಇಲ್ಲ. ಚಿಕ್ಕ ಆರೋಗ್ಯ ಕೇಂದ್ರದಲ್ಲಿ ಕಷ್ಟದ ಹೆರಿಗೆ ಅಪರೂಪಕ್ಕೆ ಬರುತ್ತದೆ. ಬಂದಾಗ ಒಂದು ನಿಮಿಷವೂ ಕೊಡುವುದಿಲ್ಲ. ಆ ಅಪರೂಪದ ನಿಮಿಷವನ್ನು ಬೇಕೆಂದಾಗ ಮತ್ತೆ ಮತ್ತೆ ಎದುರಿಗೆ ತಂದುಕೊಡುವುದೇ ಗೊಂಬೆಯ ಉಪಕಾರ.

ಬೆಳಗಾವಿ ತೋರಿಸಿದ ದಾರಿ

ಇದು ಬರಿಯ ಮಾತಲ್ಲ, ನಮ್ಮ ರಾಜ್ಯದಲ್ಲೇ ಅಳೆದು ನೋಡಿದ್ದಾರೆ. ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳಿಗೆ ಉಸಿರಾಟ ಶುರುವಾಗಲು ಏನಾದರೂ ಸಹಾಯ ಬೇಕಾಗುತ್ತದೆ. ಹೆಚ್ಚಿನವಕ್ಕೆ ಒರೆಸಿ, ಬೆಚ್ಚಗಿಟ್ಟು, ಬೆನ್ನು ಉಜ್ಜಿದರೆ ಸಾಕು. ಕೆಲವು ಮಕ್ಕಳಿಗೆ ಮುಖಕ್ಕೆ ಮಾಸ್ಕ್ ಇಟ್ಟು, ಚೀಲ ಒತ್ತಿ ಗಾಳಿ ಕೊಡಬೇಕು. ಅದೂ ಹುಟ್ಟಿದ ಮೊದಲ ನಿಮಿಷದೊಳಗೆ. ಇದನ್ನು ‘ಚಿನ್ನದ ನಿಮಿಷ’ ಎನ್ನುತ್ತಾರೆ. ಇದನ್ನು ಕಲಿಸಲು 2010ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಇತರ ಸಂಸ್ಥೆಗಳೊಂದಿಗೆ ಸೇರಿ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ತರಬೇತಿ ಆರಂಭಿಸಿತು. ಅದರ ಗೊಂಬೆ ತೀರಾ ಸರಳ. ನೀರು ತುಂಬಿದರೆ ಎಳೆಮಗುವಿನಷ್ಟು ತೂಕ ಬರುತ್ತದೆ. ಸಣ್ಣ ರಬ್ಬರ್ ಉಂಡೆ ಒತ್ತಿದರೆ ಎದೆ ಏರುತ್ತದೆ, ಇನ್ನೊಂದನ್ನು ಒತ್ತಿದರೆ ಹೊಕ್ಕುಳಬಳ್ಳಿಯಲ್ಲಿ ನಾಡಿ ಬಡಿಯುತ್ತದೆ. ಕರೆಂಟು ಬೇಡ, ಕಂಪ್ಯೂಟರ್ ಬೇಡ.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಪ್ರಾಥಮಿಕ ಆರೋಗ್ಯ ಕೇಂದ್ರಗಳ, ಜಿಲ್ಲಾ ಮತ್ತು ನಗರದ ಆಸ್ಪತ್ರೆಗಳ ಹೆರಿಗೆ ಮಾಡಿಸುವ 599 ಮಂದಿಗೆ ಈ ತರಬೇತಿ ಕೊಡಿಸಿದರು. ತರಬೇತಿಗೆ ಮುಂಚಿನ 4187 ಹೆರಿಗೆಗಳನ್ನೂ ನಂತರದ 5411 ಹೆರಿಗೆಗಳನ್ನೂ ಹೋಲಿಸಿದರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಸತ್ತು ಹುಟ್ಟಿದವೆಂದು ದಾಖಲಾದ ಮಕ್ಕಳ ಪ್ರಮಾಣ ಶೇ 3.0ರಿಂದ ಶೇ 2.3ಕ್ಕೆ ಇಳಿಯಿತು. ಸಾವಿರ ಹೆರಿಗೆಗೆ 30 ಇದ್ದದ್ದು 23 ಆಯಿತು.

ಆ ಏಳು ಮಕ್ಕಳು ಎಲ್ಲಿಂದ ಬಂದರು? ಮೊದಲು ಅಳದೆ, ಅಲುಗದೆ ಹುಟ್ಟಿದ ಕೆಲವು ಮಕ್ಕಳನ್ನು ಸತ್ತು ಹುಟ್ಟಿದವೆಂದು ಬಟ್ಟೆ ಮುಚ್ಚಿ ಬದಿಗಿಡುತ್ತಿದ್ದರು. ಅವುಗಳಲ್ಲಿ ಜೀವ ಇದ್ದವೂ ಇದ್ದವು. ಚೀಲ ಹಿಡಿದು ಅಭ್ಯಾಸವಾದ ಕೈ ಅವಕ್ಕೆ ಉಸಿರು ಕೊಟ್ಟಿತು. ಹೀಗೆ ಉಳಿದ ಮಕ್ಕಳು ಒಂದೆರಡು ದಿನದಲ್ಲೇ ತೀರಿಕೊಂಡಿದ್ದರೆ ಹುಟ್ಟಿದ ಮೇಲೆ ಸಾಯುವ ಶಿಶುಗಳ ಪ್ರಮಾಣ ಅಷ್ಟೇ ಏರಬೇಕಿತ್ತು. ಹಾಗೆ ಏರಲಿಲ್ಲ. ಅದು ಇಳಿಯಲೂ ಇಲ್ಲ ಎನ್ನುವುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಒಂದು ಗೊಂಬೆ ಎಲ್ಲ ಸಾವನ್ನೂ ತಡೆಯುವುದಿಲ್ಲ. ಆದರೆ ನೀರು ತುಂಬಿದ ಒಂದು ಗೊಂಬೆ ಇಷ್ಟು ಮಾಡಬಲ್ಲದು.

ಇನ್ನೊಂದು ಪಾಠ ಆಫ್ರಿಕಾದ ಟಾಂಜಾನಿಯಾದಿಂದ. ಅಲ್ಲಿ ಹೈಡೊಮ್ ಎಂಬ ಹಳ್ಳಿಗಾಡಿನ ಆಸ್ಪತ್ರೆ ಇದೆ. ಅಲ್ಲಿಯೂ ಇದೇ ತರಬೇತಿಯನ್ನು ಒಂದು ದಿನ ಕೊಟ್ಟರು. ಕೆಲವು ತಿಂಗಳ ನಂತರ ಪರೀಕ್ಷಿಸಿದಾಗ ಗೊಂಬೆಯ ಮೇಲೆ ಎಲ್ಲರೂ ಚೆನ್ನಾಗಿ ಮಾಡಿ ತೋರಿಸಿದರು. ಹೆರಿಗೆ ಕೋಣೆಯಲ್ಲಿ ಮಾತ್ರ ಕೆಲಸ ಹಳೆಯ ರೀತಿಯಲ್ಲೇ ನಡೆಯುತ್ತಿತ್ತು. ಆಮೇಲೆ ದಾರಿ ಬದಲಿಸಿದರು. ಗೊಂಬೆಯನ್ನು ಹೆರಿಗೆ ಕೋಣೆಯ ಹತ್ತಿರವೇ ಇಟ್ಟು, ಆಗಾಗ ಕೆಲವೇ ನಿಮಿಷ ಅಭ್ಯಾಸ ಮಾಡಿಸಿದರು. ಆಗ ಮೊದಲ ದಿನವೇ ಸಾಯುವ ಶಿಶುಗಳ ಪ್ರಮಾಣ ಇಳಿಯಿತು.

ಗೊಂಬೆ ಎರಡೂ ಸಲ ಒಂದೇ. ಬದಲಾದದ್ದು ಅದನ್ನಿಟ್ಟ ಜಾಗ ಮತ್ತು ಅಭ್ಯಾಸದ ಲೆಕ್ಕ. ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗಿ, ಫೋಟೊ ತೆಗೆಸಿಕೊಂಡು, ಸರ್ಟಿಫಿಕೇಟ್ ತರುವ ತರಬೇತಿಗಿಂತ ವಾರಕ್ಕೆ ಹತ್ತು ನಿಮಿಷ ನಮ್ಮೂರಲ್ಲೇ ಮಾಡುವ ಅಭ್ಯಾಸ ಮೇಲು. ಕುರ್‌ಆನ್ ಬಾಯಿಪಾಠ ಮಾಡುವ ನಮ್ಮ ಹಾಫಿಝ್ ಗೆಳೆಯರನ್ನು ಕೇಳಿ. ದಿನವೂ ತಿರುವಿ ಹಾಕದಿದ್ದರೆ ಕಲಿತದ್ದು ಜಾರುತ್ತದೆ ಎಂದು ಅವರೇ ಹೇಳುತ್ತಾರೆ.

ಎದುರು ಮಾತುಗಳು

ಈ ವಿಷಯ ಮಾತಾಡಿದಾಗ ನನ್ನ ಗೆಳತಿಯರೇ ಮೂರು ಆಕ್ಷೇಪ ಎತ್ತಿದರು.

ಮೊದಲನೆಯದು ದುಡ್ಡು. ಕಣ್ಣು ಮಿಟುಕಿಸುವ, ಬೆವರುವ, ಮಾತಾಡುವ ಕಂಪ್ಯೂಟರ್ ಗೊಂಬೆಗೆ ಲಕ್ಷಗಟ್ಟಲೆ ಬೇಕು, ನಿಜ. ಆದರೆ ಬೆಳಗಾವಿಯಲ್ಲಿ ಕೆಲಸ ಮಾಡಿದ್ದು ಅಂಥ ಗೊಂಬೆಯಲ್ಲ. ಬಿಹಾರದಲ್ಲಿ ಹೆರಿಗೆಯ ನಂತರದ ರಕ್ತಸ್ರಾವ ನಿಭಾಯಿಸುವುದನ್ನು ನರ್ಸ್‌ಗಳಿಗೆ ಕಲಿಸಲು ವಿಶೇಷವಾಗಿ ಹೊಲಿದ ಒಂದು ಪ್ಯಾಂಟು ಬಳಸಿದರು. ಒಬ್ಬರು ಅದನ್ನು ತೊಟ್ಟು ಬಾಣಂತಿಯಂತೆ ನಟಿಸುತ್ತಾರೆ, ಒಳಗಿನ ಚೀಲದಿಂದ ಕೆಂಪು ನೀರು ಹರಿಯುತ್ತದೆ. ನಮ್ಮ ಪೇಟೆಯ ಟೈಲರ್ ಒಬ್ಬರಿಗೆ ಇದನ್ನು ಹೊಲಿಯುವುದು ಕಷ್ಟವಲ್ಲ. ಇಷ್ಟಕ್ಕೂ ಲಕ್ಷಾಂತರ ರೂಪಾಯಿಯ ಯಂತ್ರ ಕೊಳ್ಳುವಾಗ ಅದರ ತರಬೇತಿಯ ಖರ್ಚನ್ನೂ ಸೇರಿಸಿಯೇ ಕೊಳ್ಳಬೇಕು. ಕಂಪನಿಯವರು ಬಂದು ಒಂದು ಮಧ್ಯಾಹ್ನ ತೋರಿಸಿ ಹೋದರೆ, ಅಂದು ರಾತ್ರಿ ಪಾಳಿಯಲ್ಲಿದ್ದವರಿಗೆ ಏನು ತಿಳಿಯಿತು?

ಎರಡನೆಯದು ಸಮಯ. ಇದು ಹಗುರವಾದ ಮಾತಲ್ಲ. ಒಬ್ಬ ಸ್ಟಾಫ್ ನರ್ಸ್ ಮೂವರ ಕೆಲಸ ಮಾಡುವ ಕಡೆ ಅಭ್ಯಾಸಕ್ಕೆ ಹೊತ್ತೆಲ್ಲಿ? ಸಿಬ್ಬಂದಿ ಕೊಡದೆ ಗೊಂಬೆ ಮಾತ್ರ ಕೊಟ್ಟರೆ ಅದು ಮತ್ತೆ ಬೀರು ಸೇರುತ್ತದೆ. ಆದ್ದರಿಂದ ಅಭ್ಯಾಸದ ಸಮಯವನ್ನು ಡ್ಯೂಟಿಯ ಸಮಯದೊಳಗೇ ಎಣಿಸಬೇಕು. ಪಾಳಿ ಬದಲಾಗುವಾಗ ಇಬ್ಬರು ಮೂವರು ಒಟ್ಟಿಗಿರುತ್ತಾರೆ. ಆ ಹತ್ತು ನಿಮಿಷ ಸಾಕು. ಉತ್ತರ ಕರ್ನಾಟಕದಲ್ಲಿ ‘ಸುಕ್ಷೇಮ’ ಎಂಬ ಯೋಜನೆಯಡಿ ಅನುಭವಿ ನರ್ಸ್‌ಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೇ ಹೋಗಿ, ಅಲ್ಲಿನ ನರ್ಸ್‌ಗಳ ಜೊತೆ ನಿಂತು ಕಲಿಸಿದ್ದರು. ಕಲಿಯುವವರು ಊರು ಬಿಡಬೇಕಾಗಿಲ್ಲ, ಕಲಿಸುವವರೇ ಬರಬಹುದು.

ಮೂರನೆಯದು ನನಗೂ ಸರಿ ಅನ್ನಿಸಿದ ಮಾತು: ಗೊಂಬೆಗೆ ನೋವಾಗುವುದಿಲ್ಲ, ಗೊಂಬೆ ಅಳುವುದಿಲ್ಲ. ಗೊಂಬೆಯ ಮೇಲೆ ಕಲಿತವರು ರೋಗಿಯನ್ನೂ ಗೊಂಬೆಯ ಹಾಗೆ ನೋಡಿದರೆ? ಹೌದು, ಗೊಂಬೆ ಕೈ ಪಳಗಿಸುತ್ತದೆಯೇ ಹೊರತು ಮನಸ್ಸನ್ನಲ್ಲ. ಆದರೆ ನಡುಗುವ ಕೈಯನ್ನು ಸಂಭಾಳಿಸುವುದರಲ್ಲೇ ಗಮನವೆಲ್ಲ ಹೋದರೆ ರೋಗಿಯ ಮುಖ ನೋಡಲು ಯಾರಿಗೆ ಸಾಧ್ಯ? ಆಪಾ ಆ ದಿನ ಅಜ್ಜನ ಕೈ ಮಾತ್ರ ನೋಡಿದ್ದಳಂತೆ. ಅವರ ಕಣ್ಣಲ್ಲಿ ನೀರು ಬಂದದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಕೆಲಸ ಕೈಗೆ ಒಗ್ಗಿದ ಮೇಲೆಯೇ ಕಣ್ಣು ಮೇಲೆದ್ದು ಮನುಷ್ಯನನ್ನು ನೋಡುತ್ತದೆ.

ಮಾತಾಡುವುದನ್ನು ಕಲಿಯಲೂ ಒಂದು ದಾರಿ ಇದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್, ಆರೋಗ್ಯವಂತರಿಗೆ ರೋಗಿಯ ಪಾತ್ರ ಕಲಿಸಿ ವೈದ್ಯ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಇಂದು ಜಗತ್ತಿನ ಎಷ್ಟೋ ವೈದ್ಯಕೀಯ ಕಾಲೇಜುಗಳಲ್ಲಿ ಈ ಪದ್ಧತಿ ಇದೆ. ನಮ್ಮ ದೇಶದಲ್ಲೂ 2019ರ ನಂತರದ ಹೊಸ ಪಠ್ಯಕ್ರಮದಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಸ್ಕಿಲ್ ಲ್ಯಾಬ್ ಕಡ್ಡಾಯ. ಆದರೆ ನಮ್ಮ ನಾಲ್ಕು ತಾಲ್ಲೂಕುಗಳ ರೋಗಿಯ ಪಾತ್ರ ಮಾಡುವವರು ಯಾರು? ಪಾವಗಡದ ಅವ್ವ ತೆಲುಗು ಬೆರೆಸಿದ ಕನ್ನಡದಲ್ಲಿ ನೋವು ಹೇಳುತ್ತಾಳೆ. ಶಿರಾದ ನಾನಿ ಉರ್ದುವಿನಲ್ಲಿ “ಕಲೇಜಾ ಘಬ್ರಾ ರಹಾ” ಎನ್ನುತ್ತಾಳೆ. ಹೊರಜಿಲ್ಲೆಯಿಂದ ಬಂದ ಹೊಸ ನರ್ಸ್‌ಗೆ ಅದು ಭಯವೋ ಹೃದಯದ ತೊಂದರೆಯೋ ತಿಳಿಯದು. ಆ ಪಾತ್ರ ಮಾಡಲು ನಮಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ? ಕಾಲೇಜು ವಾರ್ಷಿಕೋತ್ಸವದಲ್ಲಿ ನಾಟಕ ಆಡುವವರು ನಮ್ಮಲ್ಲಿ ಕಡಿಮೆಯಿಲ್ಲವಲ್ಲ!

ನನ್ನ ಮೂರು ಕೋರಿಕೆಗಳು

ಒಂದು, ನಾಲ್ಕು ತಾಲ್ಲೂಕು ಆಸ್ಪತ್ರೆಗಳಲ್ಲೂ ಅಭ್ಯಾಸದ ಗೊಂಬೆ, ಮಾಸ್ಕ್, ಚೀಲ, ಹಳೆಯ ಇಸಿಜಿ ವೈರುಗಳಿಗೆ ಬೀಗವಿಲ್ಲದ ಒಂದು ಮೂಲೆ ಇರಲಿ. ಯಾರು, ಯಾವಾಗ ಅಭ್ಯಾಸ ಮಾಡಿದರು ಎಂದು ಬರೆಯುವ ಪುಸ್ತಕ ಅದರ ಪಕ್ಕದಲ್ಲಿರಲಿ. ಇನ್‌ಸ್ಪೆಕ್ಷನ್‌ಗೆ ಬರುವವರು ಗೊಂಬೆ ಇದೆಯೇ ಎಂದು ನೋಡುವ ಬದಲು ಗೊಂಬೆ ಸವೆದಿದೆಯೇ ಎಂದು ನೋಡಲಿ.

ಎರಡು, ಮಧುಗಿರಿಯಲ್ಲಿ ನಾಲ್ಕೂ ತಾಲ್ಲೂಕಿಗೆ ಸೇರಿದ ಒಂದು ತರಬೇತಿ ಕೊಠಡಿ ಬೇಕು. ಪರೀಕ್ಷೆಗೆ ಒಂದು ಜಿಲ್ಲೆಯಾದ ನಾವು ಇದಕ್ಕೂ ಒಂದು ಜಿಲ್ಲೆಯಾಗಬಹುದು. ಸರ್ಕಾರಿ ಸಿಬ್ಬಂದಿ, ಖಾಸಗಿ ನರ್ಸಿಂಗ್ ಹೋಂನವರು, ಆಂಬುಲೆನ್ಸಿನವರು, ನರ್ಸಿಂಗ್ ವಿದ್ಯಾರ್ಥಿಗಳು ಸರದಿಯಂತೆ ಬರಲಿ. ವೆಂಟಿಲೇಟರಿನಂಥ ದೊಡ್ಡ ಯಂತ್ರಗಳ ಅಭ್ಯಾಸ ಅಲ್ಲಿ ನಡೆಯಲಿ.

ಮೂರನೆಯದನ್ನು ನಮ್ಮ ಪ್ರಾಂಶುಪಾಲರಲ್ಲಿ ಮತ್ತು ಆಡಳಿತ ಮಂಡಳಿಯವರಲ್ಲಿ ವಿನಂತಿಸುತ್ತೇನೆ. ವರ್ಷಕ್ಕೆ ಎರಡು ಶನಿವಾರದ ಮಧ್ಯಾಹ್ನಗಳನ್ನು ನಮಗೆ ಕೊಡಿ. ಎನ್‌ಎಸ್‌ಎಸ್ ಘಟಕದ ಮೂಲಕ ತಾಲ್ಲೂಕು ಆಸ್ಪತ್ರೆಯವರನ್ನು ಕರೆಸಿ, ವಿಜ್ಞಾನ, ವಾಣಿಜ್ಯ, ಕಲಾ ವಿಭಾಗದ ಎಲ್ಲರಿಗೂ ಎದೆ ಒತ್ತುವ ಪ್ರಥಮ ಚಿಕಿತ್ಸೆ ಕಲಿಸಿ. ಎದೆಯ ಮಧ್ಯದಲ್ಲಿ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ. ಇಷ್ಟನ್ನು ಬರೆದು ಅಂಕ ತೆಗೆಯುವುದು ಸುಲಭ. ಎರಡು ನಿಮಿಷ ಒತ್ತಿ ನೋಡಿದರೆ ತೋಳು ಎಷ್ಟು ಸೋಲುತ್ತದೆ, ಪಕ್ಕದವರು ಯಾಕೆ ಬದಲಾಗಬೇಕು ಎಂದು ತಿಳಿಯುತ್ತದೆ. ಶಿರಾ ಹೆದ್ದಾರಿಯಲ್ಲೋ, ಏಕಶಿಲಾ ಬೆಟ್ಟದ ಮೆಟ್ಟಿಲಲ್ಲೋ ಯಾರಾದರೂ ಕುಸಿದು ಬಿದ್ದರೆ ಸುತ್ತ ನಿಂತು ವಿಡಿಯೊ ಮಾಡುವವರ ನಡುವೆ ನಮ್ಮ ಕಾಲೇಜಿನ ಒಬ್ಬರಾದರೂ ಮಂಡಿಯೂರಿ ಕೂರಲಿ.

ಪ್ರಾಕ್ಟಿಕಲ್ ಪರೀಕ್ಷೆಯ 30 ಅಂಕಕ್ಕಾಗಿ ನಾವು ಟೈಟ್ರೇಷನ್ ಎಷ್ಟು ಸಲ ಮಾಡುತ್ತೇವೆ! ಬಣ್ಣ ತಿರುಗುವ ಒಂದು ಹನಿಗಾಗಿ ಉಸಿರು ಬಿಗಿಹಿಡಿದು ಕಾಯುತ್ತೇವೆ. ತಪ್ಪಿದರೆ ಚೆಲ್ಲಿ ಮತ್ತೆ ಶುರು ಮಾಡುತ್ತೇವೆ. ಮೇಡಂ ಬೈದರೂ ಮತ್ತೊಂದು ಅವಕಾಶ ಕೊಡುತ್ತಾರೆ. ಚೆಲ್ಲಿ ಮತ್ತೆ ಶುರು ಮಾಡುವ ಆ ಅವಕಾಶ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಸಿಗುವುದಿಲ್ಲ. ಅದಕ್ಕೇ ಅದು ಮೊದಲೇ ಸಿಗಬೇಕು.

ಮೊನ್ನೆ ಆಪಾ ಫೋನ್ ಮಾಡಿದ್ದಳು. ಅವಳೂ ಇನ್ನು ನಾಲ್ವರು ಗೆಳತಿಯರೂ ಸೇರಿ ಬೀರುವಿನ ಬೀಗದ ಕೈ ಕೊಡಿ ಎಂದು ಅರ್ಜಿ ಬರೆದು ಕೊಟ್ಟರಂತೆ. ಬುಧವಾರ ಒಂದು ಗಂಟೆ ಎಂದು ಒಪ್ಪಿಗೆ ಸಿಕ್ಕಿದೆ. ಮೊದಲ ಬುಧವಾರ ರಬ್ಬರಿನ ಕೈಗೆ ಇಪ್ಪತ್ತು ಸಲ ಸೂಜಿ ಹಾಕಿದಳಂತೆ, ಹನ್ನೊಂದು ಸಲ ತಪ್ಪಿತಂತೆ. ಅದನ್ನು ನಗುತ್ತಾ ಹೇಳಿದಳು. ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ದಾದಿ ಫೋನ್ ಕಿತ್ತುಕೊಂಡು, “ಆ ಹನ್ನೊಂದೂ ನನ್ನ ಕೈಗೆ ಬೀಳಲಿಲ್ಲವಲ್ಲ, ಶುಕ್ರ್ ಅಲ್‌ಹಮ್ದುಲಿಲ್ಲಾಹ್” ಎಂದರು.